ಹೊಸ ನೀರಿಗೆ ಏರುವ ಮೀನು, ಅಡ್ಡ ನಿಂತ ಕಟ್ಟೆ: ಕಾಗಿಣಾ ನದಿಯ ಬಂಧಾರವೊಂದರ ಪ್ರಕರಣ

ಮಿರಗ (ಮೃಗಶಿರಾ) ಮಳೆ ಬಿದ್ದು ಕಾಗಿಣಾಕ್ಕೆ ಹೊಸ ನೀರು ಬಂದ ಎರಡನೇ ದಿನ ಈ ಬಂಧಾರದ, ಅಂದರೆ ನೀರು ನಿಲ್ಲಿಸುವ ಸಣ್ಣ ಅಡ್ಡಗಟ್ಟೆಯ ಕೆಳಗೆ ನಿಂತರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ನೀರು ತಡೆಯುವ ಹಲಗೆಗಳನ್ನೆಲ್ಲ ತೆಗೆದಿರುತ್ತಾರೆ, ಕಂಬಗಳ ನಡುವಿನ 12 ಕಣ್ಣುಗಳಲ್ಲೂ ನೀರು ಇಳಿಯುತ್ತಿರುತ್ತದೆ. ಕೆಳಗಿನ ಮಡುವಿನಲ್ಲಿ ಮೊಟ್ಟೆ ತುಂಬಿದ ಹೊಟ್ಟೆಯ ಮೀನುಗಳು ನೀರು ಬೀಳುವ ಜಾಗಕ್ಕೆ ಮುಖ ಮಾಡಿ ಸಾಲುಗಟ್ಟುತ್ತವೆ. ಒಂದೊಂದೇ ಚಿಮ್ಮಿ ಕಟ್ಟೆಯ ಬುಡದ ಫರಶಿ (ಚಪ್ಪಡಿಕಲ್ಲು) ಹಾಸಿನ ಮೇಲೆ ಬೀಳುತ್ತದೆ. ಅಲ್ಲಿ ನೀರಿನ ಆಳ ಎರಡು ಬೆರಳು. ಬೆನ್ನು ಹೊರಗೆ ಕಾಣುವಂತೆ ಒದ್ದಾಡಿ ಮತ್ತೆ ಮಡುವಿಗೆ ಜಾರುತ್ತದೆ. ದಡದಲ್ಲಿ ಬಲೆ ಹಿಡಿದವರಿಗೆ ಅಂದು ಸುಗ್ಗಿ. ಮುಂದಿನ ವರ್ಷದ ಮೀನು ಬುಟ್ಟಿಗೆ ಹೋಗುತ್ತದೆ.

ಕಾಗಿಣಾ ತೆಲಂಗಾಣದ ವಿಕಾರಾಬಾದ್ ಭಾಗದಲ್ಲಿ ಹುಟ್ಟಿ, ತಾಂಡೂರು ದಾಟಿ, ಸೇಡಂ, ಮಳಖೇಡ, ಚಿತ್ತಾಪುರ ಸೀಮೆಯಲ್ಲಿ ಹರಿದು ಶಹಾಬಾದ್ ಸಮೀಪ ಭೀಮೆಗೆ ಸೇರುತ್ತದೆ. ಈ ಹಾದಿಯಲ್ಲಿ ಬಂಧಾರ, ಬ್ರಿಜ್ ಕಂ ಬ್ಯಾರೇಜು ಹಲವು. ಇಲ್ಲಿ ಹೇಳುತ್ತಿರುವುದು ಅಂಥ ಒಂದು ಸಣ್ಣ ಬಂಧಾರದಲ್ಲಿ ಮೀನು ಏರಲು ದಾರಿ ಕಟ್ಟಿದ ಮಾತು. ಊರಿನ ಹೆಸರು ಬೇಕಿಲ್ಲ, ಅಳತೆಗಳು ಸಾಕು. ಇಂಥವು ಭೀಮಾ ಕಣಿವೆಯಲ್ಲಿ ಎಲ್ಲೆಡೆ ಸಿಗುತ್ತವೆ.

ತಲಾ 3 ಮೀಟರ್ ಅಗಲದ 12 ಕಣ್ಣು, ಒಟ್ಟು 36 ಮೀಟರ್. ಹಲಗೆ ತೆಗೆದ ಮೇಲೂ ಉಳಿಯುವ ಕಾಂಕ್ರೀಟು ಕಟ್ಟೆ ಫರಶಿ ಹಾಸಿನಿಂದ 1.5 ಮೀಟರ್ ಎತ್ತರ. ವರ್ಷವರ್ಷದ ಕೊರೆತದಿಂದ ಹಾಸಿನ ಕೆಳಗಿನ ನದಿತಳ ಇನ್ನೂ 50 ಸೆಂ.ಮೀ. ತಗ್ಗಿದೆ. ಅಂದರೆ ತಳದಿಂದ ಕಟ್ಟೆಯ ನೆತ್ತಿಗೆ 2 ಮೀಟರ್. ಅದರ ಮೇಲೆ ಮಳೆಗಾಲ ಮುಗಿದಾಗ 30 ಸೆಂ.ಮೀ. ಎತ್ತರದ 8 ಹಲಗೆ ಕೂರಿಸಿ 2.4 ಮೀಟರ್ ನೀರು ನಿಲ್ಲಿಸುತ್ತಾರೆ. ಎರಡೂ ದಂಡೆಯ ಪಂಪ್‌ಸೆಟ್ಟುಗಳಿಗೆ ಆ ನೀರೇ ಆಧಾರ. ಆದ್ದರಿಂದ ಬಂಧಾರ ಒಡೆಯುವ ಮಾತು ಇಲ್ಲಿ ಏಳುವುದೇ ಇಲ್ಲ, ಏಳಬಾರದು ಕೂಡ.

ಮೀನು ಏಕೆ ಏರುತ್ತದೆ

ಕೆಮ್ಮೀನು, ಕಾಗೆ ಮೀನು, ಬಾಳೆ ಮೀನು, ಗಿರ್ಲು ಇವೆಲ್ಲ ಬೇಸಿಗೆಯನ್ನು ಆಳದ ಮಡುಗಳಲ್ಲಿ ಕಳೆಯುತ್ತವೆ. ಹೊಸ ನೀರಿನ ವಾಸನೆ, ರಾಡಿ, ತಂಪು, ಏರುವ ಮಟ್ಟ ಇಷ್ಟೂ ಕೂಡಿ ಬಂದಾಗ ಹರಿವಿಗೆ ಎದುರಾಗಿ ಹೊರಡುತ್ತವೆ. ಕೆಮ್ಮೀನು, ಕಾಗೆ ಮೀನಿನಂಥ ಗೆಂಡೆ ಜಾತಿಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. ಅವುಗಳ ಮೊಟ್ಟೆ ಗಿಡಕ್ಕೆ, ಕಲ್ಲಿಗೆ ಅಂಟುವುದೂ ಇಲ್ಲ. ಹರಿವು ಎತ್ತಿಕೊಂಡು ಹೋದಷ್ಟು ದೂರ ತೇಲಾಡುತ್ತ ಸಾಗಬೇಕು. ನೀರು 28 ಡಿಗ್ರಿ ಆಸುಪಾಸಿನಲ್ಲಿದ್ದರೆ ಮರಿ ಒಡೆಯಲು 15-18 ತಾಸು. ಸೆಕೆಂಡಿಗೆ ಅರ್ಧ ಮೀಟರ್ ಹರಿವು ಹಿಡಿದರೆ 16 ತಾಸಿಗೆ ಸುಮಾರು 29 ಕಿ.ಮೀ. ಅಷ್ಟು ಉದ್ದ ಹರಿಯುವ ನದಿ ಸಿಗದೆ ನಡುವೆ ನಿಂತ ನೀರು ಬಂದರೆ ಮೊಟ್ಟೆ ತಳಕ್ಕೆ ಕೂತು ಎರಿ (ಕಪ್ಪು) ಮಣ್ಣಿನ ಕೆಸರಿನಲ್ಲಿ ಉಸಿರುಗಟ್ಟುತ್ತದೆ. ತಾಯಿ ಮೀನು ಎಷ್ಟು ಮೇಲೆ ಹೋಗುತ್ತದೋ ಮೊಟ್ಟೆಗೆ ಅಷ್ಟು ದಾರಿ ಸಿಗುತ್ತದೆ. ಕೆಳಗಿನ ಕಟ್ಟೆಯ ಬುಡದಲ್ಲೇ ಮೊಟ್ಟೆ ಬಿದ್ದರೆ ಅದು ಬಹುಮಟ್ಟಿಗೆ ನಷ್ಟವೇ.

ಕರಾವಳಿಯ ಅಳಿವೆಗಳಲ್ಲಿ ಈ ಕೆಲಸದ ತಾಳ ಬೇರೆ. ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ನೀರು ಬಿಡುವ-ತಡೆಯುವ ಜಂತ್ರಡಿ ಬಾಗಿಲು ಭರತ-ಇಳಿತಕ್ಕೆ ತಕ್ಕಂತೆ ನಡೆಯುತ್ತದೆ. ಇವತ್ತು ಮೀನಿಗೆ ದಾರಿ ತಪ್ಪಿದರೂ ಆರೇಳು ತಾಸಿಗೆ ಮತ್ತೆ ನೀರು ತಿರುಗುತ್ತದೆ. ಕಲಬುರಗಿಯಲ್ಲಿ ನೀರು ಹಾಗೆ ತಿರುಗುವುದು ವರ್ಷಕ್ಕೊಮ್ಮೆ. ಜೂನ್ 7-8ಕ್ಕೆ ಹೂಡುವ ಮಿರಗದಿಂದ ಜುಲೈ 19-20ಕ್ಕೆ ಪುನರ್ವಸು ಮುಗಿಯುವವರೆಗೆ ಆರು ವಾರ, ಅದರೊಳಗೂ ಹದವಾದ ಹರಿವು ಇರುವ ಕೆಲವೇ ದಿನ. ಇಲ್ಲಿ ಕಟ್ಟಿದ ಮೀನುದಾರಿಯ ಇಡೀ ವಿನ್ಯಾಸ ಆ ಕೆಲವು ದಿನಗಳಿಗಾಗಿ ಮಾಡಿದ್ದು. ಮೀನು ಹತ್ತಲು ವರ್ಷವಿಡೀ ನಡೆಯುವ ದೊಡ್ಡ ಏಣಿಯ ಆಸೆಯನ್ನು ಮೊದಲೇ ಬಿಟ್ಟದ್ದು ಸರಿಯಾದ ತೀರ್ಮಾನ.

ಅಳಿವೆಯ ನೆಂಟು ನಮಗೂ ಒಂದು ಕಾಲಕ್ಕೆ ಇತ್ತು. ಉದ್ದನೆಯ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ನದಿಯ ಮೇಲ್ಭಾಗದಲ್ಲಿ. ಭೀಮೆಯ ನೀರು ಕೃಷ್ಣೆ ಸೇರಿ ಬಂಗಾಳ ಕೊಲ್ಲಿ ಮುಟ್ಟುವ ಹಾದಿಯಲ್ಲಿ ಈಗ ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ನಿಂತಿವೆ. ಆ ದಾರಿಯನ್ನು ಚಿತ್ತಾಪುರದಲ್ಲಿ ಕೂತು ತೆರೆಯಲಾಗದು. ಭೀಮೆಗೂ ಕಾಗಿಣಾಕ್ಕೂ ನಡುವಿನ ಓಡಾಟವನ್ನು ಮಾತ್ರ ತೆರೆಯಬಹುದು.

ಕಟ್ಟೆ ಯಾವ ನೀರಿಗೆ ಅಡ್ಡಿ

ದೊಡ್ಡ ಪ್ರವಾಹದಲ್ಲಿ ಈ ಕಟ್ಟೆ ಅಡ್ಡಿಯೇ ಅಲ್ಲ. ಕೆಳಗಿನ ನೀರೂ ಏರಿ ಕಟ್ಟೆ ಮುಳುಗುತ್ತದೆ, ಮೀನು ಮೇಲಿಂದಲೇ ದಾಟುತ್ತದೆ. ತೊಡಕು ಇರುವುದು ಮೊದಲ ಮಳೆಗಳ ಸಣ್ಣ ಹರಿವಿನಲ್ಲಿ. ಲೆಕ್ಕಕ್ಕೆ ಸೆಕೆಂಡಿಗೆ 5 ಘನ ಮೀಟರ್ ಹಿಡಿಯೋಣ. 36 ಮೀಟರ್‌ಗೆ ಹಂಚಿದರೆ ಕಟ್ಟೆಯ ನೆತ್ತಿಯಲ್ಲಿ ನೀರಿನ ಆಳ ಸುಮಾರು 12 ಸೆಂ.ಮೀ. ಅದು ಒಂದೂವರೆ ಮೀಟರ್ ಇಳಿದು ಹಾಸಿಗೆ ಬಡಿಯುವಾಗ ವೇಗ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ, ಆಳ ಎರಡೂವರೆ ಸೆಂ.ಮೀ.ಗೆ ಇಳಿಯುತ್ತದೆ. ಮೀನು ಹಾರಬೇಕಾದರೆ ಹಾರುವ ಎತ್ತರಕ್ಕಿಂತ ಕಾಲುಭಾಗ ಹೆಚ್ಚು ಆಳದ ಮಡು ಕಾಲಡಿಗೆ ಇರಬೇಕು. ಇಲ್ಲಿ ಕಟ್ಟೆಗೂ ಮಡುವಿಗೂ ನಡುವೆ 6 ಮೀಟರ್ ಹಾಸು ಚಾಚಿದೆ. ಅದಕ್ಕೆ ಹೊದಿಸಿದ್ದು ಶಹಾಬಾದ್ ಫರಶಿ. ಮನೆ ಅಂಗಳಕ್ಕೆ ಅದಕ್ಕಿಂತ ಚಂದದ ಕಲ್ಲಿಲ್ಲ, ಆದರೆ ನೀರನ್ನು ತಡೆಯುವ ಒರಟುತನ ಅದರಲ್ಲಿಲ್ಲ.

ಬರೀ ಹಲಗೆಗಳನ್ನು ಬೇಗ ತೆಗೆದರೆ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ತೆಗೆಯಲೇಬೇಕು. ಮೇ 31ರೊಳಗೆ ಎಲ್ಲ ಹಲಗೆ ಮೇಲೆ ಬಂದಿರಬೇಕು. ಕಂಬದ ತೋಡಿನಲ್ಲಿ ತುಕ್ಕು ಹಿಡಿದು ಕೂತ ಹಲಗೆ ನೀರು ಬಂದ ಮೇಲೆ ಅಲುಗುವುದಿಲ್ಲ. ಆದರೆ ಎಲ್ಲ ತೆಗೆದರೂ 2 ಮೀಟರ್ ಕಟ್ಟೆ ಅಲ್ಲೇ ಇರುತ್ತದೆ. ಕಾಂಕ್ರೀಟಿನ ಕಿರಿದಾದ ಏಣಿಯೂ ಚರ್ಚೆಗೆ ಬಂದಿತ್ತು. ಅದು ಜಾಗ ಕಡಿಮೆ ತಿನ್ನುತ್ತದೆ. ಆದರೆ ನಮ್ಮ ನದಿಯಲ್ಲಿ ತೊಗರಿ ಕಟ್ಟಿಗೆ, ಜಾಲಿ ಮುಳ್ಳು, ಹತ್ತಿ ಗಿಡ, ಪ್ಲಾಸ್ಟಿಕ್ ಚೀಲ ಹೊತ್ತು ಬರುವ ಮೊದಲ ನೀರಿಗೆ ಅದು ಒಂದೇ ರಾತ್ರಿಯಲ್ಲಿ ಕಟ್ಟಿಕೊಳ್ಳುತ್ತದೆ. ಅಗಲವಾದ ಕಲ್ಲಿನ ಇಳಿಜಾರಾದರೆ ಒಂದು ಕಿಂಡಿ ಕಸದಿಂದ ಕಟ್ಟಿಕೊಂಡರೂ ಕಲ್ಲುಗಳ ಸಂದಿಯಲ್ಲಿ, ನೆತ್ತಿಯಲ್ಲಿ ನೀರು ಹಾದಿ ಮಾಡಿಕೊಳ್ಳುತ್ತದೆ. ಎಡದಂಡೆಯಲ್ಲಿ 4 ಮೀಟರ್ ಅಗಲದ ಕಲ್ಲಿನ ಮೀನುದಾರಿ ಎಂದು ತೀರ್ಮಾನವಾಯಿತು.

ಲೆಕ್ಕ

ಮೊದಲ ಹೊಸ ನೀರಿನಲ್ಲಿ ಕೆಳಮಡುವಿನ ಆಳ ಸುಮಾರು 60 ಸೆಂ.ಮೀ. ಇರುವುದರಿಂದ ಮೇಲಿನ ನೀರಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಅಂತರ ಹತ್ತಿರ ಹತ್ತಿರ 1.5 ಮೀಟರ್. ಇದನ್ನು 10 ಸೆಂ.ಮೀ.ನ 15 ಮೆಟ್ಟಿಲಾಗಿ ಒಡೆಯಲಾಯಿತು. 10 ಸೆಂ.ಮೀ. ಅಂತರದಲ್ಲಿ ನೀರು ಪಡೆಯುವ ವೇಗ ಸೆಕೆಂಡಿಗೆ 1.4 ಮೀಟರ್. 15 ಆಗಿದ್ದರೆ 1.7, 20 ಆಗಿದ್ದರೆ 2 ಮೀಟರ್. ಮೀನು ಕೆಲವು ಸೆಕೆಂಡು ಮಾತ್ರ ತನ್ನ ಉದ್ದದ ಹತ್ತುಪಟ್ಟು ವೇಗದಲ್ಲಿ ನುಗ್ಗಬಲ್ಲದು ಎಂಬುದು ಸ್ಥೂಲ ನಿಯಮ. ಗೇಣುದ್ದದ, ಅಂದರೆ 20 ಸೆಂ.ಮೀ. ಮೀನಿಗೆ ಅದು 2 ಮೀಟರ್. 1.4 ಮೀಟರ್ ಎದುರಿಗೆ ಅದು ದಾಟುತ್ತದೆ, 2 ಮೀಟರ್ ಎದುರಿಗೆ ಇದ್ದಲ್ಲೇ ಈಜುತ್ತ ದಣಿಯುತ್ತದೆ. ಹತ್ತು ಸೆಂ.ಮೀ. ಮೀನಿಗೆ 1.4 ಕೂಡ ಹೆಚ್ಚು. ಅದಕ್ಕಾಗಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ನೀರು ಹಾಯುವ ಕಿಂಡಿಯ ತಳದಲ್ಲಿ 15-20 ಸೆಂ.ಮೀ. ಗುಂಡುಕಲ್ಲುಗಳನ್ನು ಅರ್ಧ ಹೂತು ಬಿಡಲಾಯಿತು. ಅವುಗಳ ಮರೆಯಲ್ಲಿ ತಳದ ನೀರು ನಿಧಾನ.

ಪ್ರತಿ ಮೆಟ್ಟಿಲು ಒಂದು ಕಲ್ಲಿನ ಸಾಲು. ಸಾಲಿನಿಂದ ಸಾಲಿಗೆ 2.5 ಮೀಟರ್, ಒಟ್ಟು 37.5 ಮೀಟರ್ ಉದ್ದ, ಇಳಿಜಾರು 25ಕ್ಕೆ 1. ಪ್ರತಿ ಸಾಲಿಗೆ 30 ಸೆಂ.ಮೀ. ಅಗಲದ ಒಂದು ಕಿಂಡಿ, ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ. ಕಿಂಡಿಗಳು ಒಂದೇ ಗೆರೆಗೆ ಬಂದರೆ ನೀರು ಬಾಣದಂತೆ ನೇರ ಓಡುತ್ತದೆ, ನಡುವಿನ ಹೊಂಡಗಳು ವಿಶ್ರಾಂತಿಗೆ ಒದಗುವುದಿಲ್ಲ. ಕಿಂಡಿಯಲ್ಲಿ 60 ಸೆಂ.ಮೀ. ಆಳ ಇದ್ದರೆ ಹಾಯುವ ನೀರು ಸೆಕೆಂಡಿಗೆ ಸುಮಾರು 165 ಲೀಟರ್. ಕಲ್ಲಿನ ಸಂದಿಗಳ ಸೋರಿಕೆ ಸೇರಿಸಿ 200ಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿ ಹೊಂಡದಲ್ಲಿ 5.6 ಘನ ಮೀಟರ್ ನೀರು, ಅದರಲ್ಲಿ ಕರಗಬೇಕಾದ ರಭಸ ಘನ ಮೀಟರಿಗೆ 30 ವ್ಯಾಟ್ ಆಸುಪಾಸು. ಸಣ್ಣ ಮೀನಿಗೆ 100 ವ್ಯಾಟ್ ಒಳಗಿದ್ದರೆ ಸಾಕು, ಆದ್ದರಿಂದ ಹರಿವು ಇಮ್ಮಡಿಯಾದರೂ ಹೊಂಡ ನೊರೆಗಟ್ಟಿ ಕುದಿಯುವುದಿಲ್ಲ.

ನೀರು ಒಳಬರಲು ಕಾಂಕ್ರೀಟು ಕಟ್ಟೆಯ ಎಡತುದಿಯಲ್ಲಿ 30 ಸೆಂ.ಮೀ. ಅಗಲ, 50 ಸೆಂ.ಮೀ. ಆಳದ ಕಚ್ಚು ಕೊಯ್ಯಲಾಯಿತು. ಅದಕ್ಕೆ ತನ್ನದೇ ಹಲಗೆ ಉಂಟು. ಬೇಸಿಗೆಯಲ್ಲಿ ಹಲಗೆ ಕೂರಿಸಿದರೆ ರೈತರ ನೀರಿನಲ್ಲಿ ಒಂದು ಕೊಡವೂ ಕಡಿಮೆಯಾಗುವುದಿಲ್ಲ. ಇದನ್ನು ತೋರಿಸಿದ ಮೇಲೆಯೇ ಎರಡೂ ದಂಡೆಯವರು ಕೆಲಸಕ್ಕೆ ಒಪ್ಪಿದ್ದು.

ಕಲ್ಲು, ತಳ, ಸಂದಿ

ಸಾಲಿನ ಕಲ್ಲುಗಳು 1.2 ಮೀಟರ್ ಉದ್ದ, 60 ಸೆಂ.ಮೀ. ಚೌಕ. ಒಂದೊಂದು ಒಂದು ಟನ್ನಿಗೆ ತುಸು ಮೇಲೆ. ಸಾಲಿಗೆ 6ರಂತೆ 90 ಕಲ್ಲು, ಹತ್ತು ಟನ್ ಟಿಪ್ಪರಿನಲ್ಲಿ ಹತ್ತು ಖೇಪು. 40 ಸೆಂ.ಮೀ. ನೆಲದಲ್ಲಿ, 80 ಮೇಲೆ. ಸೇಡಂ-ಚಿತ್ತಾಪುರದ ಖಣಿಗಳಲ್ಲಿ ಮೇಲ್ಪದರ ತೆಗೆಯುವಾಗ ಬರುವ, ಫರಶಿಗೆ ಆಗದ ದಪ್ಪ ಕಲ್ಲು ಇದಕ್ಕೆ ಹದ. ಮೊದಲ ಮೂರು ಸಾಲಿಗೆ ಯಾರೋ ನಯವಾದ ಚಪ್ಪಡಿಗಳನ್ನೇ ನಿಲ್ಲಿಸಿದ್ದರು. ನೋಡಲು ನೇರ, ಚೊಕ್ಕ. ಆದರೆ ನಯ ಮುಖದ ಪಕ್ಕ ನೀರು ಜಾರಿ ವೇಗ ಹೆಚ್ಚುತ್ತದೆ, ಮೇಲಾಗಿ ಪದರುಗಲ್ಲು ಅಡ್ಡ ಹೊಡೆತಕ್ಕೆ ಸೀಳುತ್ತದೆ. ಆ ಮೂರೂ ಸಾಲು ಕಿತ್ತು ಮತ್ತೆ ಕಟ್ಟಬೇಕಾಯಿತು.

ಇಂಥ ಕೆಲಸ ಹೆಚ್ಚಾಗಿ ಸೋಲುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಕಲ್ಲು ಜೋಡಿಸಿ ನೀರು ಬಿಟ್ಟರೆ ನೀರೆಲ್ಲ ತಳದ ಸಂದಿಗಳಲ್ಲಿ ಇಳಿದು ಕೆಳಗಿಂದಲೇ ಹೋಗುತ್ತದೆ, ಮೇಲೆ ಒಣ ಕಲ್ಲು ಉಳಿಯುತ್ತದೆ. ಅದಕ್ಕೆ ತಳವನ್ನು ಮೂರು ಪದರದಲ್ಲಿ ತುಂಬಬೇಕು. ಕೆಳಗೆ 20-30 ಸೆಂ.ಮೀ. ದಪ್ಪ ಕಲ್ಲು, ಅದರ ಸಂದಿಗೆ 40 ಮಿ.ಮೀ. ಜಲ್ಲಿ, ಅದರ ಮೇಲೆ ಮುರುಮು (ಗರಸು ಮಣ್ಣು). ಪ್ರತಿ ಪದರಕ್ಕೂ ಪಂಪಿನ ನೀರು ಹೊಡೆದು ಸಣ್ಣ ಕಣ ಸಂದಿಗಿಳಿಯುವವರೆಗೆ ತುಂಬುತ್ತಲೇ ಇರಬೇಕು. ನೀರು ಮೇಲೆ ನಿಂತಾಗ ಪದರ ಮುಗಿಯಿತು ಎಂದು ಲೆಕ್ಕ. ಹತ್ತಿರವೇ ಸಿಗುತ್ತದೆಂದು ಎರಿ ಮಣ್ಣು ಹಾಕಿದರೆ ಕೆಟ್ಟಿತು. ಬೇಸಿಗೆಯಲ್ಲಿ ಬಿರಿದು, ಮೊದಲ ನೀರಿಗೆ ಕರಗಿ ಹೋಗುತ್ತದೆ. ಕೊನೆಯ ಸಾಲಿನ ಕೆಳಗೆ ಒಂದು ಮೀಟರ್ ಆಳದ ಕಲ್ಲಿನ ಹಲ್ಲು ಹೂಳಿದ್ದು ಕೊರೆತ ಮೇಲಕ್ಕೆ ಹತ್ತದಿರಲೆಂದು. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿ ಬಂದದ್ದನ್ನು ನೋಡಿದವರು ಈ ಹಲ್ಲಿನ ಖರ್ಚಿಗೆ ತಕರಾರು ಮಾಡುವುದಿಲ್ಲ.

ಮೊದಲ ಮಳೆಗಾಲದ ಸೋಲು

ಲೆಕ್ಕ ಸರಿ ಇತ್ತು, ಕಲ್ಲು ಗಟ್ಟಿ ಇತ್ತು, ಕಿಂಡಿಗಳಲ್ಲಿ ಅಳೆದಷ್ಟೇ ವೇಗವಿತ್ತು. ಮೀನು ಮಾತ್ರ ಬರಲಿಲ್ಲ. ಆರಿದ್ರಾ ಮಳೆಯ ಹೊತ್ತಿಗೆ ಅವು ಹಿಂದಿನಂತೆಯೇ ಎಡಗಡೆಯ ಎರಡನೇ ಕಣ್ಣಿನ ಕೆಳಗೆ ಒತ್ತಾಗಿ ನಿಂತಿದ್ದವು.

ಕಾರಣ ಸರಳ, ಆದರೆ ನಕ್ಷೆಯ ಹಾಳೆಯ ಮೇಲೆ ಕಾಣುವಂಥದ್ದಲ್ಲ. ನೇರ ಕೆಳಗೆ ಚಾಚಿದ 37 ಮೀಟರ್ ದಾರಿಯ ಬಾಯಿ ಕಟ್ಟೆಯಿಂದ 37 ಮೀಟರ್ ಕೆಳಗಿತ್ತು. ಮೀನು ದಂಡೆಯುದ್ದಕ್ಕೂ ಬಾಗಿಲು ಹುಡುಕುತ್ತ ಬರುವುದಿಲ್ಲ. ಜೋರು ಹರಿವನ್ನು ಹಿಡಿದು ಇನ್ನು ಮುಂದೆ ಹೋಗಲಾಗದು ಎನ್ನುವ ಕೊನೆಯ ಜಾಗದವರೆಗೆ ಸಾಗುತ್ತದೆ, ಅಲ್ಲೇ ಅತ್ತಿತ್ತ ತಡಕುತ್ತದೆ, ಹಿಂದೆ ತಿರುಗುವುದಿಲ್ಲ. ಎರಡನೆಯದಾಗಿ, 5 ಘನ ಮೀಟರ್ ಹರಿವಿನಲ್ಲಿ ಮೀನುದಾರಿಯ ಪಾಲು ಶೇ. 4-5. ಉಳಿದ ಹರಿವು ಹನ್ನೆರಡು ಕಣ್ಣುಗಳಲ್ಲಿ ಸಮನಾಗಿ ಸದ್ದು ಮಾಡುತ್ತಿದ್ದರೆ ಈ ಸಣ್ಣ ಸದ್ದು ಮೀನಿಗೆ ಮುಟ್ಟುವುದು ಹೇಗೆ?

ಎರಡಕ್ಕೂ ಮುಂದಿನ ಬೇಸಿಗೆಯಲ್ಲಿ ಮದ್ದು ಮಾಡಲಾಯಿತು. ದಾರಿಯನ್ನು ಮಡಿಸಿದರು. ಮೇಲಿನ 7 ಸಾಲು ಕೆಳಮುಖವಾಗಿ 17.5 ಮೀಟರ್ ಹೋಗಿ, 4 ಮೀಟರ್ ಚೌಕದ, ಒಂದು ಮೀಟರ್ ಆಳದ ತಂಗುಹೊಂಡದಲ್ಲಿ ತಿರುಗಿ, ಉಳಿದ 8 ಸಾಲು ಕಟ್ಟೆಯ ಕಡೆಗೇ ಮರಳುತ್ತವೆ. ಬಾಯಿ ಈಗ ಹಾಸಿನ ಅಂಚಿನ ಪಕ್ಕಕ್ಕೇ ಬಂತು. ಎರಡು ತೋಳಿನ ನಡುವೆ ಸಿಮೆಂಟಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಬೇಕು. ಕಲ್ಲು ತುಂಬಿದ ತಂತಿಬುಟ್ಟಿಯ ಗೋಡೆಯಾದರೆ ಮೇಲಿನ ತೋಳಿನ ನೀರು ಅಡ್ಡಲಾಗಿ ಸೋರಿ ಕೆಳಗಿನದಕ್ಕೆ ಇಳಿಯುತ್ತದೆ. ಹಳೆಯ ಕಲ್ಲುಗಳೇ ಬಳಕೆಗೆ ಬಂದವು, ತಳ ಮಾತ್ರ ಮತ್ತೆ ತುಂಬಬೇಕಾಯಿತು.

ಹರಿವಿನ ಹಂಚಿಕೆಗೆ ಖರ್ಚೇ ಆಗಲಿಲ್ಲ. ಮೇ 31ರ ಮಾತಿಗೆ ಒಂದೇ ವಿನಾಯಿತಿ: ಜೂನ್-ಜುಲೈನಲ್ಲಿ ಬಲಗಡೆಯ 9 ಕಣ್ಣುಗಳಲ್ಲಿ ತಳದ ಒಂದೊಂದು ಹಲಗೆ ಬಿಡುವುದು, ಎಡಗಡೆಯ 3 ಪೂರ್ತಿ ತೆರೆದಿಡುವುದು. 30 ಸೆಂ.ಮೀ. ಹಲಗೆಯ ನೆತ್ತಿ ಮುಟ್ಟುವವರೆಗೆ, ಅಂದರೆ ಸುಮಾರು 2.5 ಘನ ಮೀಟರ್‌ವರೆಗಿನ ಹರಿವೆಲ್ಲ ಎಡಕ್ಕೇ ಇಳಿಯುತ್ತದೆ, ಸದ್ದೂ ಅಲ್ಲೇ, ಮೀನೂ ಅಲ್ಲೇ. ಒಂದೊಂದೇ ಹಲಗೆಯಾದ್ದರಿಂದ ದೊಡ್ಡ ಪ್ರವಾಹಕ್ಕೆ ಅದು ತಡೆಯಲ್ಲ.

ಆ ವರ್ಷದ ಹೊಸ ನೀರಿನಲ್ಲಿ ಮೂರನೇ ಸಾಲಿನ ಕಿಂಡಿಯ ಪಕ್ಕ ಬಗ್ಗಿ ನೋಡಿದವರಿಗೆ ಕಂಡದ್ದು ಇಷ್ಟು. ಕಲ್ಲಿನ ಮರೆಯಲ್ಲಿ ಒಂದು ಕಾಗೆ ಮೀನು ಬಾಲ ಮಾತ್ರ ಆಡಿಸುತ್ತ ನಿಂತಿದೆ, ಮೂತಿ ಕಿಂಡಿಯ ನೊರೆಗೆ ತಾಗುವಷ್ಟು ಹತ್ತಿರ. ಹತ್ತು-ಹನ್ನೆರಡು ಎಣಿಸುವಷ್ಟು ಹೊತ್ತು ಹಾಗೇ. ಒಮ್ಮೆಲೇ ಮೈ ಬಿಲ್ಲಾಗಿ, ಕಿಂಡಿಯೊಳಗೆ ಕಪ್ಪು ಗೆರೆ ಎಳೆದಂತಾಗಿ, ಮೇಲಿನ ಹೊಂಡದ ಕಲ್ಲಿನ ಹಿಂದೆ ಮತ್ತೆ ಅದೇ ನಿಲುವು.

ಬಲೆಯ ಮಾತು

ಮೀನುದಾರಿಯ ಕಿಂಡಿಗೆ ಒಂದು ಬಲೆ ಕಟ್ಟಿದರೆ ಅದಕ್ಕಿಂತ ಒಳ್ಳೆಯ ಮೀನುಬೋನು ಬೇರೆ ಇಲ್ಲ. ಈ ಅಪಾಯವನ್ನು ಕಟ್ಟುವ ಮೊದಲೇ ಮಾತಾಡದಿದ್ದರೆ ಇಡೀ ಕೆಲಸ ನದಿಗೆ ದ್ರೋಹವಾಗುತ್ತದೆ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕಿಂಡಿಗೆ ಬಲೆ ಕಟ್ಟದಂತೆ ತಡೆಯಲು ಊರಿನ ಒಪ್ಪಂದವೇ ಗಟ್ಟಿ. ಇಲ್ಲಿ ಕಬ್ಬಲಿಗ ಮನೆತನಗಳ ಹಿರಿಯರು ಕೂತು ಹಾಕಿಕೊಂಡ ಗಡಿ: ಕಟ್ಟೆಯ ಮೇಲೆ-ಕೆಳಗೆ ನೂರು ಮೀಟರ್, ಮಿರಗದಿಂದ ಪುನರ್ವಸು ಮುಗಿಯುವವರೆಗೆ ಯಾರದೂ ಬಲೆ ಬೀಳಬಾರದು. ನೂರು ಮೀಟರಿನ ಗುರುತಿಗೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಆ ಆರು ವಾರದ ಗಳಿಕೆ ಬಿಟ್ಟುಕೊಡುವವರು ಬಡವರು ಎಂಬುದನ್ನು ಮರೆಯಬಾರದು. ದಾರಿಯ ಕಸ ತೆಗೆಯುವ ಕೂಲಿ ಅವರಿಗೇ ಸಿಗುವಂತೆ ಮಾಡಿದ್ದು ನ್ಯಾಯ.

ಮರಿ ಬೆಳೆಯುವ ಜಾಗ

ಮೇಲೆ ಹೋದ ಮೀನಿನ ಮರಿಗೆ ರಭಸವಿಲ್ಲದ, ಬೆಚ್ಚನೆಯ, ಹುಳಹುಪ್ಪಟೆ ತುಂಬಿದ ಜಾಗ ಬೇಕು. ಬಂಧಾರದ ಮೇಲ್ಭಾಗದಲ್ಲಿ ನದಿಯ ಹಳೇ ಪಾತ್ರವೊಂದು ಏಳೆಕರೆಯಷ್ಟು ಜೊಂಡು ಬೆಳೆದ ತಗ್ಗಾಗಿ ಉಳಿದಿದೆ. ಅದಕ್ಕೂ ನದಿಗೂ ನಡುವೆ ಹೊಲದ ದಾರಿ, ದಾರಿಯಡಿ 600 ಮಿ.ಮೀ.ನ ಒಂದೇ ಹ್ಯೂಮ್ ಪೈಪು, ಅದೂ ನದಿ ಕಡೆಯ ತಳಕ್ಕಿಂತ 40 ಸೆಂ.ಮೀ. ಎತ್ತರದಲ್ಲಿ ತೂಗಾಡುತ್ತಿತ್ತು. ನದಿ ಏರಿದಾಗ ಸ್ವಲ್ಪ ನೀರು ಒಳಗೆ ಹೋಗುತ್ತಿತ್ತು. ಇಳಿದಾಗ ಒಳಗಿನ ಮರಿ ಹೊರಬರಲಾಗದೆ ಕೊಕ್ಕರೆಗೆ ಆಹಾರವಾಗುತ್ತಿತ್ತು.

ಪೈಪು ತೆಗೆದು 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಾಕ್ಸ್ ಕಲ್ವರ್ಟ್ ಕೂರಿಸಲಾಯಿತು, ತಳ ನದಿತಳಕ್ಕಿಂತ 30 ಸೆಂ.ಮೀ. ಹೂತಂತೆ. ಒಳಗೆ ತಾನಾಗಿ ಮರಳು-ಗರಸು ಕೂತು ನದಿಯದೇ ನೆಲ ಮುಂದುವರಿಯುತ್ತದೆ. ತಗ್ಗಿನೊಳಗೆ 60-90 ಸೆಂ.ಮೀ. ನೀರು ನಿಲ್ಲುವಂತೆ ಕಲ್ಲಿನ ತಡೆ, ಅದರ ನಡುವೆ ಹಲಗೆ ಹಾಕುವ ಕಚ್ಚು. ಉತ್ತರಾ ಮಳೆ ಮುಗಿಯುವಾಗ, ಸೆಪ್ಟೆಂಬರ್ ಕೊನೆಗೆ, ಆ ಹಲಗೆಯನ್ನು ಒಂದೇ ಸಲ ಕಿತ್ತರೆ ಮರಿ ಜೊಂಡಿನಲ್ಲೇ ಸಿಕ್ಕಿಬೀಳುತ್ತದೆ. ದಿನಕ್ಕೆ 5-6 ಸೆಂ.ಮೀ. ಇಳಿಸುತ್ತ ಎರಡು ವಾರ ತೆಗೆದುಕೊಳ್ಳಬೇಕು. ಈ ತಗ್ಗಿಗೆ ಫರಶಿ ಪಾಲಿಶಿನ ಬಿಳಿ ಕೆಸರು ಹೊತ್ತ ನಾಲಾ ಸೇರದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಆ ಕೆಸರು ಸಿಮೆಂಟಿನಂತೆ ತಳಕ್ಕೆ ಕೂತರೆ ಹುಳವೂ ಹುಟ್ಟುವುದಿಲ್ಲ.

ತಿಕ್ಕಾಟ ಉಳಿದಿರುವುದು ಬಂಧಾರದ ಹಲಗೆ ಕೂರಿಸುವ ದಿನದ ಬಗ್ಗೆ. ಮಳೆ ಬೇಗ ನಿಂತುಬಿಟ್ಟರೆ ಎಂಬ ಹೆದರಿಕೆಯಿಂದ ರೈತರಿಗೆ ಸೆಪ್ಟೆಂಬರ್ ನಡುವಿಗೇ ಹಲಗೆ ಬೀಳಬೇಕು, ಹೆದರಿಕೆ ಸುಳ್ಳಲ್ಲ. ತಗ್ಗಿನ ಮರಿ ನದಿಗೆ ಬರುವುದು ಅಕ್ಟೋಬರ್ ಮೊದಲ ವಾರಕ್ಕೆ. ಈಗಿನ ಒಪ್ಪಂದದಂತೆ ಬಲಗಡೆಯ 9 ಕಣ್ಣು ಮೊದಲು ಮುಚ್ಚುತ್ತವೆ, ಎಡಗಡೆಯ ಮೂರು ಹಸ್ತ ಮಳೆ ನೋಡಿಕೊಂಡು, ಕಚ್ಚಿನ ಹಲಗೆ ಎಲ್ಲಕ್ಕಿಂತ ಕೊನೆಗೆ.

ಪ್ರತಿ ಮೇ ತಿಂಗಳ ಕೆಲಸ ಇಷ್ಟು: ಸರಿದ ಕಲ್ಲು ನೆಟ್ಟಗೆ ನಿಲ್ಲಿಸುವುದು, ಹೊಂಡಗಳ ಹೂಳು ಮೊಣಕಾಲು ಮಟ್ಟ ದಾಟಿದ್ದರೆ ತೆಗೆಯುವುದು, ಕಚ್ಚಿನ ಮೇಲ್ಗಡೆ ಓರೆಯಾಗಿ ಕಟ್ಟಿದ ಬಿದಿರಿನ ಕಸತಡೆಯನ್ನು ಹೊಸದು ಮಾಡುವುದು, ಪ್ರತಿ ಕಿಂಡಿಗೂ ಮೂವತ್ತು ಸೆಂ.ಮೀ. ಕೋಲು ಅಡ್ಡ ಹಿಡಿದು ನೋಡುವುದು. ಮಳೆಗಾಲದಲ್ಲಿ ಪ್ರತಿ ಏರಿಕೆಯ ಮರುದಿನ ಬೆಳಗ್ಗೆ ಕಸ ತೆಗೆಯಲೇಬೇಕು, ಒಂದು ದಿನ ತಡವಾದರೆ ಆ ಏರಿಕೆಯ ಮೀನು ಕೈತಪ್ಪಿತು. ಕೆಳಗಿನ ಮುಂದಿನ ಬಂಧಾರಕ್ಕೆ ಇನ್ನೂ ದಾರಿಯಿಲ್ಲ. ಭೀಮೆಯಿಂದ ಹೊರಟ ಮೀನು ಈಗಲೂ ಅಲ್ಲೇ ನಿಲ್ಲುತ್ತದೆ, ಇಲ್ಲಿ ಏರುವುದು ಎರಡು ಕಟ್ಟೆಗಳ ನಡುವಿನ ಮಡುಗಳಲ್ಲಿ ಬೇಸಿಗೆ ಕಳೆದದ್ದು ಮಾತ್ರ. ಅಲ್ಲಿನ ಕಟ್ಟೆ 1.2 ಮೀಟರ್, ಸಾಲು ಹನ್ನೆರಡು ಸಾಕು, ದಂಡೆಯಲ್ಲಿ ಮಡಿಸಲು ಜಾಗವೂ ಉಂಟು.